ಆ ಘೋಷಣೆಯಲ್ಲಿ ನಮ್ಮ ಹೆಸರಿತ್ತು

ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊನ್ನೆ ಭಾನುವಾರ ನಮ್ಮ ತಾಲ್ಲೂಕಿನಲ್ಲಿ ಹವಾಮಾನ ನ್ಯಾಯದ ರ‍್ಯಾಲಿಗೆ ಪೂರ್ವಭಾವಿ ಸಭೆ ಇತ್ತು. ಹಿಂದೆ ಯಾವ ಪಾರ್ಟಿಯೂ ಇಲ್ಲ, ಫಂಡೂ ಇಲ್ಲ, ಎಲ್ಲ ಸ್ವಯಂಸೇವಕರೇ. ರೈತ ಸಂಘದವರು, ಕಾಲೇಜು ಹುಡುಗ ಹುಡುಗಿಯರು, ಇಬ್ಬರು ಮೇಷ್ಟ್ರು, ಬೆಂಗಳೂರಿಂದ ಬಂದಿದ್ದ ನಾಲ್ಕೈದು ಜನ, ಮತ್ತೆ ನಾವು. ಕೆಲಸ ಹಂಚೋಕೆ ಶುರು ಮಾಡಿದ್ರು. ವೇದಿಕೆ ಯಾರು, ಪತ್ರಿಕಾ ಹೇಳಿಕೆ ಯಾರು, ಪೊಲೀಸ್ ಪರ್ಮಿಷನ್ ಯಾರು ಅಂತೆಲ್ಲ ಮುಗಿದು ನಮ್ಮ ಕಡೆ ತಿರುಗಿದಾಗ ಉಳಿದದ್ದು ಮೂರು. ತಮಟೆ, ಜನ ಸೇರಿಸೋದು, ಮುಗಿದ ಮೇಲೆ ಜಾಗ ಕ್ಲೀನ್ ಮಾಡಿಸೋದು.

ಹಂಗಂದವರು ಕೆಟ್ಟವರೇನಲ್ಲ. ಅವರಿಗೆ ತಾವು ಏನಂದ್ವಿ ಅನ್ನೋದೇ ಗೊತ್ತಾಗಿಲ್ಲ. ನಾನು ಎರಡು ವಿಷಯ ಕೇಳಿದೆ. ಭಾಷಣದ ಪಟ್ಟಿಯಲ್ಲಿ ನಮ್ಮ ಕೇರಿಯ ಕೂಲಿ ಹೆಣ್ಣುಮಗಳೊಬ್ಬಳ ಹೆಸರು ಇರಲಿ, ಕರಪತ್ರದಲ್ಲಿ 'ದಲಿತರು' ಅನ್ನೋ ಒಂದು ಪದ ಇರಲಿ. ತಕ್ಷಣ ಒಬ್ಬರು, "ಸಾರ್, ಬಿಸಿಲಿಗೆ ಜಾತಿ ಇದೆಯಾ? ಇದ್ರಲ್ಲೂ ಜಾತಿ ಯಾಕೆ ತರ್ತೀರಾ?" ಅಂದ್ರು. ಹೊರಗೆ ಬಂದ ಮೇಲೆ ನಮ್ಮ ಹುಡುಗನೊಬ್ಬ, "ಅಣ್ಣ, ಇದು ನಮ್ಮ ಹೋರಾಟಾನೇ ಅಲ್ಲ ಬಿಡಿ, ಎಸಿಯಲ್ಲಿ ಕೂರೋರು ಮಾಡ್ಕೊಳ್ಲಿ" ಅಂದ.

ಆ ಸಾರಿಗೂ ಈ ಹುಡುಗನಿಗೂ ಒಂದೇ ಕಥೆ ಹೇಳಬೇಕು ಅನ್ನಿಸಿತು. ಅದಕ್ಕೇ ಬರೀತಿದ್ದೀನಿ.

2002ರ ಅಕ್ಟೋಬರ್ ತಿಂಗಳು. ದೆಹಲಿಯ ವಿಜ್ಞಾನ ಭವನದಲ್ಲಿ ವಿಶ್ವಸಂಸ್ಥೆಯ 8ನೇ ಹವಾಮಾನ ಸಮ್ಮೇಳನ. ಅಧ್ಯಕ್ಷತೆ ಆಗಿನ ಕೇಂದ್ರ ಪರಿಸರ ಮಂತ್ರಿ ಟಿ.ಆರ್. ಬಾಲು ಅವರದ್ದು. ಒಳಗೆ ದೇಶದೇಶಗಳ ಪ್ರತಿನಿಧಿಗಳು ಕೂತು ಇಂಗಾಲದ ಲೆಕ್ಕ ಹಾಕ್ತಿದ್ರು. ಹೊರಗೆ, ಅಕ್ಟೋಬರ್ 28ಕ್ಕೆ, 5,000ಕ್ಕೂ ಹೆಚ್ಚು ಜನ ಬೀದಿಗಿಳಿದರು. ಕೇರಳದಿಂದ, ಪಶ್ಚಿಮ ಬಂಗಾಳದಿಂದ ಬಂದ ಮೀನುಗಾರರು, ಸಣ್ಣ ರೈತರು, ಕೃಷಿ ಕೂಲಿಗಳು, ನರ್ಮದೆಯ ಅಣೆಕಟ್ಟಿಗೆ ಊರು ಕಳಕೊಳ್ಳುವ ಆದಿವಾಸಿಗಳು, ಒರಿಸ್ಸಾದ ಗಣಿ ಪ್ರದೇಶದವರು. ಇಂಗಾಲದ ಕೋಷ್ಟಕ ಓದಲು ಬಂದವರಲ್ಲ ಇವರು. ಕಡಲು ಹೇಗೆ ಬದಲಾಗಿದೆ, ಮಳೆ ಹೇಗೆ ಕೈಕೊಡ್ತಿದೆ ಅಂತ ಮೈಯಲ್ಲೇ ಗೊತ್ತಿದ್ದವರು.

ಅದಕ್ಕೂ ಮುಂಚೆ ಎರಡು ದಿನ ಕೂತು ಮಾತಾಡಿ, ರ‍್ಯಾಲಿಯ ದಿನ ಒಂದು ಘೋಷಣೆ ಹೊರಡಿಸಿದರು. ದೆಹಲಿ ಹವಾಮಾನ ನ್ಯಾಯ ಘೋಷಣೆ ಅಂತ ಅದರ ಹೆಸರು. ಒಂದು ಪುಟ ಇರಬಹುದು, ಅಷ್ಟೇ. ಹವಾಮಾನ ಬದಲಾವಣೆ ಅನ್ನೋದು ಹಕ್ಕಿನ ಪ್ರಶ್ನೆ, ಮಾರುಕಟ್ಟೆಯ ವ್ಯಾಪಾರದಿಂದ ಇದು ಬಗೆಹರಿಯಲ್ಲ ಅನ್ನೋದು ಅದರ ಸಾರ. ಆ ಘೋಷಣೆ ಮಾಡ್ತಿರೋ 'ನಾವು' ಯಾರು ಅಂತ ಹೇಳುವ ಜಾಗದಲ್ಲಿ ಒಂದು ಪಟ್ಟಿ ಬರುತ್ತೆ. ಮೀನುಗಾರರು, ರೈತರು, ಮೂಲನಿವಾಸಿಗಳು, ದಲಿತರು, ಬಡವರು, ಯುವಜನರು.

ದಲಿತರು. ಹೆಸರು ಹಿಡಿದು ಬರೆದಿದ್ದಾರೆ. ನಾನು ಮೊದಲ ಸಲ ಓದಿದಾಗ ಎರಡು ಸಲ ನೋಡಿದೆ. ಈ ದೇಶದಲ್ಲಿ 'ಹವಾಮಾನ ನ್ಯಾಯ' ಅನ್ನೋ ಮಾತು ಇಷ್ಟು ಜನರ ಬಾಯಲ್ಲಿ ಬೀದಿಗೆ ಬಂದ ದಿನವೇ ಆ ಮಾತಿನ ಜೊತೆ ನಮ್ಮ ಹೆಸರಿತ್ತು. ಇಷ್ಟು ವರ್ಷ ಆದಮೇಲೆ ನಮ್ಮ ತಾಲ್ಲೂಕಿನ ಕರಪತ್ರದಲ್ಲಿ ಆ ಪದ ಹಾಕೋಕೆ ಚರ್ಚೆ ಬೇಕಾಗಿದೆ.

ಅದು ಹೇಗೆ ಬಂತು ಅಂತ ಹಿಂದಕ್ಕೆ ಹೋದ್ರೆ ದಾರಿ ದೂರ ಹೋಗುತ್ತೆ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ವಾರನ್ ಕೌಂಟಿ ಅನ್ನೋ ಬಡ ಹಳ್ಳಿಗಾಡಿನ ತನಕ.

1978ರ ಬೇಸಿಗೆ. ಹಳೇ ಟ್ರಾನ್ಸ್‌ಫಾರ್ಮರ್‌ಗಳ ಎಣ್ಣೆಯಲ್ಲಿ ಪಿಸಿಬಿ ಅನ್ನೋ ವಿಷ ಇರುತ್ತೆ. ಅದನ್ನ ಸರಿಯಾಗಿ ವಿಲೇವಾರಿ ಮಾಡೋಕೆ ದುಡ್ಡು ಖರ್ಚಾಗುತ್ತೆ ಅಂತ ಕೆಲವರು ರಾತ್ರೋರಾತ್ರಿ ಟ್ಯಾಂಕರ್ ಲಾರಿಯ ನಲ್ಲಿ ಬಿಟ್ಟುಕೊಂಡು ಸುಮಾರು 240 ಮೈಲಿ ಉದ್ದಕ್ಕೂ ರಸ್ತೆ ಬದಿಗೆ ಸುರಿದುಕೊಂಡು ಹೋದರು. 14 ಕೌಂಟಿಗಳ ರಸ್ತೆ ಬದಿ ವಿಷವಾಯಿತು. ಆ ಮಣ್ಣನ್ನ ಕೆರೆದು ಎಲ್ಲಾದ್ರೂ ಹೂಳಬೇಕಲ್ಲ? ರಾಜ್ಯ ಸರ್ಕಾರ ಹುಡುಕಿ ಹುಡುಕಿ ಆರಿಸಿದ್ದು ವಾರನ್ ಕೌಂಟಿಯ ಆಫ್ಟನ್ ಅನ್ನೋ ಜಾಗ. ಅಲ್ಲಿ ಅಂತರ್ಜಲ ನೆಲಕ್ಕೆ ಹತ್ತಿರ, ಜನ ಕುಡಿಯೋದು ಬಾವಿ ನೀರು. ವಿಜ್ಞಾನದ ಪ್ರಕಾರ ನೋಡಿದ್ರೆ ಅದು ಕೆಟ್ಟ ಆಯ್ಕೆ. ಆದ್ರೆ ಅಲ್ಲಿನ ಬಹುಪಾಲು ಜನ ಕಪ್ಪು ಜನ, ರಾಜ್ಯದ ಅತಿ ಬಡ ಕೌಂಟಿಗಳಲ್ಲಿ ಅದೂ ಒಂದು. ಊರಿನ ಕಸ ಯಾವ ದಿಕ್ಕಿಗೆ ಹೋಗಿ ಬೀಳುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಜನ ಸುಮ್ನೆ ಕೂರಲಿಲ್ಲ. ವರ್ಷಗಟ್ಟಲೆ ಅರ್ಜಿ ಕೊಟ್ಟರು, ಕೋರ್ಟಿಗೆ ಹೋದರು, ಸೋತರು. ಅಲ್ಲಿನ ಕೆಲವು ಬಿಳಿಯರೂ ಜೊತೆಗಿದ್ದರು ಅನ್ನೋದನ್ನೂ ಹೇಳಬೇಕು. 1982ರ ಸೆಪ್ಟೆಂಬರ್ 15ಕ್ಕೆ ಲಾರಿಗಳು ಬರೋಕೆ ಶುರುವಾದವು. ಆಗ ಕೋಲಿ ಸ್ಪ್ರಿಂಗ್ಸ್ ಅನ್ನೋ ಬ್ಯಾಪ್ಟಿಸ್ಟ್ ಚರ್ಚಿನಿಂದ ಹೊರಟ ಜನ ನಡಕೊಂಡು ಹೋಗಿ ಲಾರಿಗಳ ಮುಂದೆ ರಸ್ತೆ ಮೇಲೆ ಮಲಗಿದರು. ಪೊಲೀಸರು ಎತ್ತಿ ವ್ಯಾನಿಗೆ ಹಾಕ್ತಿದ್ರು, ಮಾರನೇ ದಿನ ಮತ್ತೆ ಬಂದು ಮಲಗ್ತಿದ್ರು. ಸುಮಾರು ಆರು ವಾರ ಹೀಗೇ ನಡೀತು. 500ಕ್ಕೂ ಹೆಚ್ಚು ಬಂಧನ. ಚರ್ಚಿನ ಹೆಂಗಸರು, ರೈತರು, ಮಕ್ಕಳು. ಡಾಲಿ ಬರ್ವೆಲ್ ಅನ್ನೋ ತಾಯಿಯ ಚಿಕ್ಕ ಮಗಳೂ ಬಂಧನಕ್ಕೊಳಗಾದವರಲ್ಲಿ ಇದ್ದಳು. ಇದನ್ನೆಲ್ಲ ನಡೆಸಿದ್ದು ದೊಡ್ಡ ಪರಿಸರ ಸಂಸ್ಥೆಗಳಲ್ಲ. ಕಾಡು, ಹುಲಿ, ಕರಡಿ ಉಳಿಸೋ ಸಂಸ್ಥೆಗಳು ಆಗ ಅಮೆರಿಕದಲ್ಲಿ ಬಹಳ ಬಲವಾಗಿದ್ದವು. ಆದ್ರೆ ಕಪ್ಪು ಜನರ ಬಾವಿ ನೀರು ಪರಿಸರ ಅಂತ ಅವರ ಲೆಕ್ಕಕ್ಕೆ ಬಂದಿರಲಿಲ್ಲ.

ಹೋರಾಟ ಗೆದ್ದಿತಾ? ಇಲ್ಲ. ವಿಷ ಅಲ್ಲೇ ಹೂತರು. ಅದನ್ನ ತೆಗೆದು ಶುದ್ಧ ಮಾಡಿ ಮುಗಿಸಿದ್ದು 2003ರ ಹೊತ್ತಿಗೆ, ಅಂದ್ರೆ ಎರಡು ದಶಕದ ಮೇಲೆ, ಕೋಟಿಗಟ್ಟಲೆ ಡಾಲರ್ ಸುರಿದು. ಆದ್ರೆ ಆ ಆರು ವಾರ ಒಂದು ಪ್ರಶ್ನೆ ಹುಟ್ಟಿಸಿತು. ಅಲ್ಲಿ ಬಂಧನಕ್ಕೊಳಗಾದ ವಾಷಿಂಗ್ಟನ್ನಿನ ಜನಪ್ರತಿನಿಧಿ ವಾಲ್ಟರ್ ಫಾಂಟ್ರಾಯ್ ಹೋಗಿ, ಇಂಥ ವಿಷದ ಗುಂಡಿಗಳು ಎಲ್ಲೆಲ್ಲಿ ಇವೆ ಅಂತ ಲೆಕ್ಕ ಕೊಡಿ ಅಂದರು. 1983ರಲ್ಲಿ ಸರ್ಕಾರದ್ದೇ ಲೆಕ್ಕ ತಪಾಸಣೆ ಸಂಸ್ಥೆ ನೋಡಿ ಹೇಳಿತು: ಆಗ್ನೇಯ ಭಾಗದ 4 ದೊಡ್ಡ ವಿಷ ತ್ಯಾಜ್ಯದ ಗುಂಡಿಗಳಲ್ಲಿ 3 ಕಪ್ಪು ಜನ ಹೆಚ್ಚಿರುವ ಕಡೆಯೇ ಇವೆ. 1987ರಲ್ಲಿ ಒಂದು ಚರ್ಚ್ ಸಂಘಟನೆ ಇಡೀ ದೇಶದ ಲೆಕ್ಕ ತೆಗೆದು, ವಿಷ ಎಲ್ಲಿ ಸುರಿಯುತ್ತಾರೆ ಅನ್ನೋದನ್ನ ತೀರ್ಮಾನ ಮಾಡೋದು ಬಡತನಕ್ಕಿಂತ ಹೆಚ್ಚಾಗಿ ಬಣ್ಣ ಅಂತ ತೋರಿಸಿತು. 'ವಿಷಕ್ಕೆ ಬಣ್ಣ ಇದೆಯಾ' ಅಂತ ಕೇಳಿದವರಿಗೆ ಅಂಕಿ ಅಂಶದಲ್ಲೇ ಉತ್ತರ.

ಅಲ್ಲಿಂದ ಮುಂದೆ ಬೇಗ ಹೇಳ್ತೀನಿ. 1991ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಕಪ್ಪು, ಮೂಲನಿವಾಸಿ, ಲ್ಯಾಟಿನೊ, ಏಷ್ಯನ್ ಮೂಲದ ಹೋರಾಟಗಾರರು ಸೇರಿ ಪರಿಸರ ನ್ಯಾಯದ 17 ತತ್ವಗಳನ್ನ ಬರೆದರು. 2000ದಲ್ಲಿ ಹೇಗ್ ಊರಿನ ಹವಾಮಾನ ಸಮ್ಮೇಳನದ ಪಕ್ಕದಲ್ಲೇ ಮೊದಲ ಹವಾಮಾನ ನ್ಯಾಯ ಸಮಾವೇಶ ನಡೀತು. 2002ರಲ್ಲಿ ಇಂಡೋನೇಷ್ಯಾದ ಬಾಲಿಯಲ್ಲಿ ಹಲವು ದೇಶಗಳ ಸಂಘಟನೆಗಳು ಆ 17 ತತ್ವಗಳನ್ನೇ ಬುನಾದಿ ಮಾಡ್ಕೊಂಡು ಹವಾಮಾನ ನ್ಯಾಯದ 27 ತತ್ವಗಳನ್ನ ರೂಪಿಸಿದವು. ನಮ್ಮ ದೇಶದ ಜನಾಂದೋಲನಗಳ ರಾಷ್ಟ್ರೀಯ ಒಕ್ಕೂಟವೂ ಅದರಲ್ಲಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ದೆಹಲಿ. ಅಂದ್ರೆ ವಾರನ್ ಕೌಂಟಿಯ ಆ ರಸ್ತೆ ಮೇಲೆ ಮಲಗಿದ ಹೆಂಗಸರಿಂದ ದೆಹಲಿಯ ಬೀದಿಗೆ 20 ವರ್ಷದ ದಾರಿ. ಹವಾಮಾನ ನ್ಯಾಯ ಅನ್ನೋ ಪದದ ತವರುಮನೆ ವಿಜ್ಞಾನ ಭವನ ಅಲ್ಲ. ಕಪ್ಪು ಜನರ ಕೇರಿ ಅದರ ತವರು. ನಮ್ಮ ಹುಡುಗನಿಗೆ ಇದನ್ನೇ ಹೇಳಬೇಕಾಗಿತ್ತು.

ಇನ್ನೊಂದು ಸಣ್ಣ ವಿಷಯ, ಮರೆಯೋ ಮುಂಚೆ. ದೆಹಲಿ ರ‍್ಯಾಲಿಗೆ ಒಂದು ವರ್ಷ ಮುಂಚೆ, 2001ರಲ್ಲಿ, ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ವರ್ಣಭೇದ ವಿರೋಧಿ ವಿಶ್ವ ಸಮ್ಮೇಳನ ನಡೆದಿತ್ತು. ಇಲ್ಲಿಂದ ಬಹಳಷ್ಟು ದಲಿತ ಕಾರ್ಯಕರ್ತರು ಹೋಗಿ ಜಾತಿಯನ್ನೂ ಅಲ್ಲಿ ಚರ್ಚೆಗೆ ತನ್ನಿ ಅಂತ ಹಟ ಹಿಡಿದರು. ನಮ್ಮ ಸರ್ಕಾರ, ಜಾತಿ ನಮ್ಮ ಮನೆ ಒಳಗಿನ ವಿಷಯ ಅಂತ ಅಡ್ಡ ನಿಂತಿತು. ಮರುವರ್ಷ ದೆಹಲಿ ಸಮ್ಮೇಳನದಲ್ಲಿ ಪ್ರಧಾನಿ ವಾಜಪೇಯಿ ಅವರು, ತಲಾ ಲೆಕ್ಕದಲ್ಲಿ ಭಾರತ ಉಗುಳುವ ಹೊಗೆ ಬಹಳ ಕಡಿಮೆ ಅಂತ ಶ್ರೀಮಂತ ದೇಶಗಳಿಗೆ ನ್ಯಾಯದ ಪಾಠ ಹೇಳಿದರು. ಆ ಮಾತು ಸುಳ್ಳಲ್ಲ. ಅಮೆರಿಕ ಯೂರೋಪುಗಳು ಕಟ್ಟಬೇಕಾದ ಸಾಲ ದೊಡ್ಡದೇ. ಆದ್ರೆ ಆ ತಲಾ ಲೆಕ್ಕ ಕಡಿಮೆ ಬರೋದು ಯಾರಿಂದ? ಬಸ್ಸಿಗೆ ಕಾಸಿಲ್ಲದೆ ನಡೆಯೋರಿಂದ, ಸೌದೆ ಒಲೆಯಲ್ಲಿ ಒಂದು ಹೊತ್ತು ಬೇಯಿಸೋರಿಂದ. 2007ರಲ್ಲಿ ಗ್ರೀನ್‌ಪೀಸ್ ಸಂಸ್ಥೆಯ ಭಾರತ ಶಾಖೆ, ಶ್ರೀಮಂತರು ಬಡವರ ಹಿಂದೆ ಅಡಗಿಕೊಂಡಿದ್ದಾರೆ ಅಂತಲೇ ಒಂದು ವರದಿ ತಂದಿತು. ತಿಂಗಳಿಗೆ 30,000 ರೂಪಾಯಿಗಿಂತ ಹೆಚ್ಚು ಆದಾಯದವರು 3,000ಕ್ಕಿಂತ ಕಡಿಮೆ ಆದಾಯದವರ ನಾಲ್ಕೂವರೆ ಪಟ್ಟು ಹೊಗೆ ಉಗುಳ್ತಾರೆ ಅನ್ನೋದು ಅದರ ಲೆಕ್ಕ. ಹೊರದೇಶದ ಮುಂದೆ ತೋರಿಸೋಕೆ ನಮ್ಮ ಬಡತನ ಬೇಕು, ಜಾತಿ ಮಾತ್ರ ಮನೆ ಒಳಗೇ ಇರಲಿ. ಡರ್ಬನ್ನನ್ನೂ ದೆಹಲಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ಗೊತ್ತಾಗುತ್ತೆ.

ಆಮೇಲೆ ಆ ಪದ ದೊಡ್ಡ ಮನೆ ಸೇರಿತು. 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲಿ ಹವಾಮಾನ ನ್ಯಾಯ ಅನ್ನೋ ಪದ ಇದೆ. ನಮ್ಮ ಈಗಿನ ಪ್ರಧಾನಿಗಳೂ ಪ್ಯಾರಿಸ್ಸಿನಲ್ಲಿ ಅದನ್ನ ಹೇಳಿದರು. ಆದ್ರೆ ಒಪ್ಪಂದದಲ್ಲಿ ಹೇಗಿದೆ ಅಂತ ಓದಿ ನೋಡಿ. ಹವಾಮಾನ ನ್ಯಾಯ ಅನ್ನೋ ಪರಿಕಲ್ಪನೆ 'ಕೆಲವರಿಗೆ' ಮುಖ್ಯವಾಗಿದೆ ಅಂತ ಬರೆದಿದ್ದಾರೆ. ಕೆಲವರಿಗೆ! ನಮ್ಮ ಸಭೆಯ ನಡಾವಳಿ ಬರೆದವರೂ ಹಿಂಗೇ ಬರೆದಿದ್ದಾರೆ, 'ಕೆಲವರ ಅಭಿಪ್ರಾಯದಂತೆ' ಅಂತ. ಓದಿ ನಗು ಬಂತು.

ಪ್ಯಾರಿಸ್‌ಗೆ ಒಂದು ವರ್ಷ ಮುಂಚೆ ನ್ಯೂಯಾರ್ಕಿನಲ್ಲಿ ನಡೆದದ್ದನ್ನ ರ‍್ಯಾಲಿ ಕಟ್ಟೋರು ತಿಳ್ಕೋಬೇಕು. 2014ರ ಸೆಪ್ಟೆಂಬರ್ 21, ಭಾನುವಾರ. ವಿಶ್ವಸಂಸ್ಥೆಯ ಬಾನ್ ಕಿ ಮೂನ್ ಅವರು ಕರೆದಿದ್ದ ಸಭೆ 23ಕ್ಕಿತ್ತು, ಅದಕ್ಕೆ ಎರಡು ದಿನ ಮೊದಲು ಮೆರವಣಿಗೆ. ಆಯೋಜಕರ ಲೆಕ್ಕದಲ್ಲಿ 3 ಲಕ್ಷಕ್ಕೂ ಹೆಚ್ಚು ಜನ. 1,500ಕ್ಕೂ ಹೆಚ್ಚು ಸಂಘಟನೆಗಳು. ಬಾನ್ ಕಿ ಮೂನ್ ಅವರೇ ಬಂದು ನಡೆದರು, ಅಲ್ ಗೋರ್ ಬಂದರು, ಸಿನಿಮಾ ನಟ ಡಿಕಾಪ್ರಿಯೊ ಬಂದರು. ಫೋಟೋಗಳು ಅವರದ್ದೇ ಓಡಾಡಿದವು.

ಆದ್ರೆ ಮೆರವಣಿಗೆಯ ಮೊದಲ ಸಾಲಿನಲ್ಲಿ ಇದ್ದವರು ಇವರ‍್ಯಾರೂ ಅಲ್ಲ. ಇಡೀ ಮೆರವಣಿಗೆಯನ್ನ ಆರು ಭಾಗ ಮಾಡಿದ್ದರು. ವಿಜ್ಞಾನಿಗಳು, ಧಾರ್ಮಿಕ ಮುಖಂಡರು, ವಿದ್ಯಾರ್ಥಿಗಳು, ಕಾರ್ಮಿಕ ಸಂಘಗಳು, ಎಲ್ಲರಿಗೂ ಒಂದೊಂದು ಜಾಗ. ಮೊದಲ ಭಾಗ ಮೂಲನಿವಾಸಿಗಳದ್ದು ಮತ್ತು ಹೊಡೆತ ಮೊದಲು ತಿಂದ ಬಡಾವಣೆಗಳವರದ್ದು. ಬಿಕ್ಕಟ್ಟಿನ ಮುಂಚೂಣಿಯಲ್ಲಿ ಇರೋರೇ ಬದಲಾವಣೆಯ ಮುಂಚೂಣಿಯಲ್ಲೂ ಇರಬೇಕು ಅನ್ನೋದು ಅವರ ಬ್ಯಾನರಿನ ಅರ್ಥ. ಇದು ದಾನವಾಗಿ ಸಿಕ್ಕಿದ್ದಲ್ಲ. ಅವರ ಹಿಂದೆ ಎರಡು ವರ್ಷದ ಕೆಲಸ ಇತ್ತು. 2012ರ ಅಕ್ಟೋಬರ್ 29ಕ್ಕೆ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಅಪ್ಪಳಿಸಿದಾಗ ಮ್ಯಾನ್‌ಹಟನ್ನಿನ ಆಫೀಸುಗಳಿಗೆ ಕೆಲವೇ ದಿನದಲ್ಲಿ ಕರೆಂಟ್ ಬಂತು. ರೆಡ್ ಹುಕ್ ಅನ್ನೋ ಕಡೆ ಸರ್ಕಾರಿ ವಸತಿ ಕಟ್ಟಡಗಳಲ್ಲಿದ್ದ ಕಪ್ಪು, ಲ್ಯಾಟಿನೊ ಕುಟುಂಬಗಳು ಎರಡು ವಾರಕ್ಕೂ ಹೆಚ್ಚು ಕತ್ತಲಲ್ಲಿ, ಚಳಿಯಲ್ಲಿ ಇದ್ದವು. ಮುದುಕರು ಮೇಲಿನ ಮಹಡಿಗಳಲ್ಲೇ ಸಿಕ್ಕಿಕೊಂಡರು. ಊಟ, ಔಷಧಿ, ಕಂಬಳಿ ಹೊತ್ತು ಮೆಟ್ಟಿಲು ಹತ್ತಿದ್ದು ಸ್ವಯಂಸೇವಕರೇ. ಅಂಥ ಬಡಾವಣೆಗಳ ಸಂಘಟನೆಗಳು ಮೆರವಣಿಗೆಯ ತಯಾರಿಯಲ್ಲಿ ಕೂತು, ಜನ ಸೇರಿಸೋಕೆ ಮಾತ್ರ ನಮ್ಮನ್ನ ಕರೀಬೇಡಿ, ತೀರ್ಮಾನ ಮಾಡೋ ಜಾಗದಲ್ಲಿ ಕೂರಿಸಿ ಅಂದರು. ಮುಂದಿನ ಸಾಲು ಹಾಗೆ ಬಂತು.

ಆ ದಿನದ ಒಂದು ದೃಶ್ಯ ನನಗೆ ಬಹಳ ಇಷ್ಟ. ಮಧ್ಯಾಹ್ನ 12 ಗಂಟೆ 58 ನಿಮಿಷಕ್ಕೆ ಅಷ್ಟು ಜನ ಒಟ್ಟಿಗೆ ಮೌನ ಆದರು. ಹವಾಮಾನದ ಹೊಡೆತಕ್ಕೆ ಸತ್ತವರ ನೆನಪಿಗೆ. ಆಮೇಲೆ ಒಂದು ಗಂಟೆಗೆ ಸರಿಯಾಗಿ ಡ್ರಮ್ಮು, ಪೀಪಿ, ಚರ್ಚಿನ ಗಂಟೆ, ಕಿರುಚಾಟ, ಎಲ್ಲ ಒಟ್ಟಿಗೆ ಎದ್ದಿತು. ನಮ್ಮ ತಮಟೆಗೂ ಅಂಥ ಒಂದು ನಿಮಿಷ ಸಿಗಬೇಕು. ಗಣ್ಯರನ್ನ ವೇದಿಕೆಗೆ ಕರ್ಕೊಂಡು ಹೋಗೋಕೆ ಮಾತ್ರ ಬಡಿಯೋದು ಸಾಕಾಗಿದೆ.

ಈಗ ನಮ್ಮೂರಿಗೆ ಬರೋಣ. ಬಿಸಿಲಿಗೆ ಜಾತಿ ಇದೆಯಾ ಅಂದ್ರಲ್ಲ, ಇದೆ ಸಾರ್. 2011ರ ಜನಗಣತಿ ಪ್ರಕಾರ ಈ ದೇಶದಲ್ಲಿ ದುಡಿಯುವ ಪರಿಶಿಷ್ಟ ಜಾತಿಯವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಕೃಷಿ ಕೂಲಿಗಳು. ಬರ ಬಿದ್ದರೆ ಜಮೀನಿದ್ದವನಿಗೆ ಪಹಣಿ ನೋಡಿ ಬೆಳೆ ಪರಿಹಾರ ಬರುತ್ತೆ, ಕಡಿಮೆನೋ ಜಾಸ್ತಿನೋ. ಅದೇ ಹೊಲದಲ್ಲಿ ಕಳೆ ಕೀಳೋಳಿಗೆ ಹೋದ ಕೂಲಿಗೆ ಯಾವ ಪಹಣಿ? 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ರಾಯಚೂರು, ಬಿಜಾಪುರ, ಬಾಗಲಕೋಟೆ ಕಡೆ ನೆರೆ ಬಂದು ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ನದಿ ದಂಡೆಯ ಊರುಗಳಲ್ಲಿ ತಗ್ಗಿನ ಜಾಗ ಯಾರ ಕೇರಿ ಅಂತ ಆ ಕಡೆಯ ಗೆಳೆಯರನ್ನ ಕೇಳಿ. 2004ರ ಸುನಾಮಿ ಹವಾಮಾನ ಬದಲಾವಣೆಯಿಂದ ಆದದ್ದಲ್ಲ, ಆದ್ರೂ ಅದರ ಪಾಠ ಇಲ್ಲಿಗೆ ಬೇಕು. ನಾಗಪಟ್ಟಣಂನಲ್ಲಿ ಕೊಳೆತ ಹೆಣಗಳನ್ನ ಎತ್ತೋಕೆ ಬೇರೆ ಊರುಗಳಿಂದ ಕರೆಸಿದ್ದು ದಲಿತ ಪೌರಕಾರ್ಮಿಕರನ್ನ. ಅದೇ ಜಿಲ್ಲೆಯ ಪರಿಹಾರ ಶಿಬಿರಗಳಲ್ಲಿ ದಲಿತ ಕುಟುಂಬಗಳನ್ನ ದೂರ ಇಟ್ಟ ದಾಖಲೆಗಳಿವೆ. ನೀರು ಎಲ್ಲರ ಮೇಲೂ ಒಂದೇ ಥರ ಬಂತು, ನಿಜ. ಇಳಿದ ಮೇಲೆ ಏನಾಯ್ತು ಅನ್ನೋದನ್ನೂ ನೋಡಬೇಕು.

ಪರಿಹಾರ ಅಂತ ಮಾಡೋದ್ರಲ್ಲೂ ಇದೇ ಕಥೆ. ಪಾವಗಡದ ಸೋಲಾರ್ ಪಾರ್ಕ್ ನೋಡಿ. ತಿರುಮಣಿ ಸುತ್ತಮುತ್ತ ಐದು ಊರುಗಳ ಸುಮಾರು 13,000 ಎಕರೆ, 2,000 ಮೆಗಾವ್ಯಾಟ್. ಭೂಮಿ ಕಿತ್ಕೊಳ್ಳದೆ ಗುತ್ತಿಗೆಗೆ ತಗೊಂಡರು, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬರಗಾಲದ ರೈತನಿಗೆ ಅದು ಒಳ್ಳೇದೇ, ನಾನು ಬೇಡ ಅನ್ನಲ್ಲ. ಆದ್ರೆ ಎಕರೆ ಇದ್ದವನಿಗೆ ಬಾಡಿಗೆ, ಇಲ್ಲದವನಿಗೆ ಏನು? ಅಲ್ಲಿ ಕಡಲೆಕಾಯಿ ಕೀಳ್ತಿದ್ದ, ಕುರಿ ಮೇಯಿಸ್ತಿದ್ದ ಭೂಮಿ ಇಲ್ಲದ ಕುಟುಂಬಗಳಿಗೆ ಕೂಲಿ ಹೋಯಿತು, ಮೇವು ಹೋಯಿತು. ಹಸಿರು ವಿದ್ಯುತ್ ಬೇಕು. ಅದರ ಲೆಕ್ಕದ ಪುಸ್ತಕದಲ್ಲಿ ಕೂಲಿಯ ಹೆಸರೂ ಇರಬೇಕು. ಕರಪತ್ರದಲ್ಲಿ ಒಂದು ಪದ ಕೇಳಿದ್ದು ಇಷ್ಟಕ್ಕೇ.

ಕೊನೆಗೆ ಮಹಾಡ್. ನಮ್ಮವರು ಪ್ರತಿ ವರ್ಷ ಮಾರ್ಚ್ 20ಕ್ಕೆ ನೆನೆಯುತ್ತಾರೆ, ಸ್ಟೇಟಸ್ ಹಾಕ್ತಾರೆ. 1927ರಲ್ಲಿ ಬಾಬಾಸಾಹೇಬರ ಹಿಂದೆ ಸಾವಿರಾರು ಜನ ಚವದಾರ್ ಕೆರೆಗೆ ನಡೆದರು. ಕಾನೂನು ಆಗಲೇ ಅವರ ಪರ ಇತ್ತು. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ತೆರೀಬೇಕು ಅಂತ 1923ರಲ್ಲೇ ಬೊಂಬಾಯಿ ಶಾಸನಸಭೆಯಲ್ಲಿ ಬೋಲೆ ಠರಾವು ಆಗಿತ್ತು, ಮಹಾಡ್ ಪುರಸಭೆಯೂ ಒಪ್ಪಿತ್ತು. ಕಾಗದದಲ್ಲಿ ಇದ್ದದ್ದು ಕೆರೆಯಲ್ಲಿ ಇರಲಿಲ್ಲ. ಆ ಸಮಾವೇಶಕ್ಕೆ ಬಂದವರಿಗೆ ಕುಡಿಯೋಕೆ 40 ರೂಪಾಯಿ ಕೊಟ್ಟು ನೀರು ಕೊಳ್ಳಬೇಕಾಯಿತು, ಪಕ್ಕದಲ್ಲೇ ಕೆರೆ ಇಟ್ಟುಕೊಂಡು. ಅವರು ಕೆರೆ ಮುಟ್ಟಿದ ಮೇಲೆ ಸಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಕೊಡ ಸುರಿದು ಕೆರೆ 'ಶುದ್ಧ' ಮಾಡಿದರು. ಡಿಸೆಂಬರಿನಲ್ಲಿ ಮತ್ತೆ ಸಮಾವೇಶ ಇಟ್ಟಾಗ ಚಪ್ಪರ ಹಾಕೋಕೆ ಹಿಂದೂಗಳು ಜಾಗ ಕೊಡಲಿಲ್ಲ, ಫತ್ತೇಖಾನ್ ಅನ್ನೋ ಮುಸ್ಲಿಂ ಒಬ್ಬರು ಕೊಟ್ಟರು. ಜಾಗ, ನೀರು, ಅಕ್ಕಿ, ಚಪ್ಪರ, ಕಾವಲು, ಎಲ್ಲ ಸ್ವಯಂಸೇವಕರೇ ಹೊಂದಿಸಬೇಕಾಗಿತ್ತು. ಕೋರ್ಟಿನಲ್ಲಿ ಕೊನೆಗೆ ಗೆದ್ದಿದ್ದು 1937ರಲ್ಲಿ, ಹತ್ತು ವರ್ಷ ಆದ ಮೇಲೆ. ನೀರಿಗಾಗಿ, ನೀರಿನ ಮೇಲಿನ ಸಮಾನ ಹಕ್ಕಿಗಾಗಿ ಇಷ್ಟು ಜನ ನಡೆದದ್ದನ್ನ ಪರಿಸರ ಚಳವಳಿಯ ಎಷ್ಟು ಪುಸ್ತಕಗಳಲ್ಲಿ ಸೇರಿಸಿದ್ದಾರೆ? ಚಿಪ್ಕೋ ಇರುತ್ತೆ, ಅಪ್ಪಿಕೋ ಇರುತ್ತೆ, ಇರಲಿ. ಮಹಾಡ್ ಸಾಮಾಜಿಕ ಸುಧಾರಣೆಯ ಅಧ್ಯಾಯದಲ್ಲಿ ಇರುತ್ತೆ.

ಇಷ್ಟೆಲ್ಲ ನಿನ್ನೆ ಸಂಜೆ ಎರಡನೇ ಸಭೆಯಲ್ಲಿ ಹೇಳಿದೆ, ಇಷ್ಟು ಚೆನ್ನಾಗಿ ಅಲ್ಲ, ಮಧ್ಯೆ ಮಧ್ಯೆ ಜಗಳ ಆಡ್ಕೊಂಡು. ಜಾತಿ ಯಾಕೆ ಅಂದಿದ್ದ ಸಾರ್ ಮೊದಲು ಸುಮ್ನಿದ್ರು, ಆಮೇಲೆ ದೆಹಲಿ ಘೋಷಣೆಯ ಪ್ರತಿ ಕೊಡಿ ಅಂದ್ರು, ಫೋನಲ್ಲೇ ಕಳಿಸಿದೆ. ಓದಿ, "ಸರಿ, ಪದ ಹಾಕೋಣ" ಅಂದ್ರು. ಭಾಷಣದ ವಿಷಯ ಇನ್ನೂ ಪೂರ್ತಿ ಒಪ್ಪಿಲ್ಲ, ಐದು ನಿಮಿಷ ಕೊಡ್ತೀವಿ ಅಂತಿದ್ದಾರೆ. ಆ ಅಕ್ಕ ಐದು ನಿಮಿಷ ಸಾಕು ಅಂದಿದ್ದಾಳೆ, ನನಗೆ ಸಾಕಾಗಲ್ಲ. ಕ್ಲೀನ್ ಮಾಡೋ ವಿಷಯ ಮಾತ್ರ ಖಡಾಖಂಡಿತ ಹೇಳಿದೆ. ಹೋದ ವರ್ಷದ ರ‍್ಯಾಲಿ ಆದಮೇಲೆ ಮೈದಾನದ ತುಂಬ ಬಿದ್ದಿದ್ದ ನೀರಿನ ಬಾಟಲಿಗಳನ್ನ ಮಾರನೇ ದಿನ ಬೆಳಿಗ್ಗೆ ಐದಕ್ಕೆ ಬಂದು ಆರಿಸಿದ್ದು ನಮ್ಮ ಪೌರಕಾರ್ಮಿಕ ಹೆಂಗಸರು. ಭೂಮಿ ಉಳಿಸಿ ಅಂತ ಕೂಗಿದವರು ಆಗ ಮಲಗಿದ್ರು. ಈ ಸಲ ಬಾಟಲಿ ಇಲ್ಲ, ಮಡಕೆ ನೀರು. ಪೊರಕೆ ಹಿಡಿಯೋರ ಪಟ್ಟಿಯಲ್ಲಿ ವೇದಿಕೆ ಮೇಲೆ ಕೂರೋ ಎಲ್ಲರ ಹೆಸರೂ ಇದೆ, ನಂದೂ ಇದೆ. ಪಟ್ಟಿ ಬರೆದದ್ದು "ನಮ್ಮ ಹೋರಾಟ ಅಲ್ಲ" ಅಂದಿದ್ದ ಅದೇ ಹುಡುಗ. ಬಹಳ ಖುಷಿಯಿಂದ ಬರೆದ.

ಮುಂದಿನ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಂಬೇಡ್ಕರ್ ಭವನದ ಮುಂದೆ ಸೇರ್ತೀವಿ. ತಮಟೆ ಇರುತ್ತೆ, ಮೆರವಣಿಗೆ ಮುಂದೆ ನಡೆಯುತ್ತೆ. ತಲೆಗೆ ಟವಲ್ ತನ್ನಿ, ನಿಮ್ಮ ಲೋಟ ನೀವೇ ತನ್ನಿ.

ಜೈ ಭೀಮ್.